ಡಾಕ್ಟರಿಲ್ಲದ ನಾಲ್ಕು ತಿಂಗಳು

ಜನವರಿ ೧೧, ಸೋಮವಾರ

ಬೆಳಿಗ್ಗೆ ಎಂಟರ ಬಸ್ಸಿಗೆ ಹಿರಿಯ ಡಾಕ್ಟರು ಹೊರಟುಹೋದರು. ಮಗಳು ಬಂದು ಕರೆದೊಯ್ದಳು. ಪಾರ್ಶ್ವವಾಯು ಬಡಿದ ಮೇಲೆ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ನಾನೂ ಡ್ರೈವರೂ ಸೇರಿ ಮೆಟ್ಟಿಲು ಹತ್ತಿಸಿದೆವು. ಸೀಟಿನಲ್ಲಿ ಕೂತು ನನ್ನ ಭುಜ ಹಿಡಿದು ಏನೋ ಹೇಳಿದರು. ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿದೆ.

ಆಸ್ಪತ್ರೆ ತೆರೆದು ಇವತ್ತಿಗೆ ಮೂರು ತಿಂಗಳು ಎಂಟು ದಿನ. ಹತ್ತಿಯ ಹಳೇ ಗೋದಾಮಿಗೆ ಕಿಟಕಿ ಕೊರೆದು, ಸುಣ್ಣ ಬಳಿದು, ಊರಿನವರೇ ಮಾಡಿಕೊಂಡ ಆಸ್ಪತ್ರೆ ಇದು. ಎಂಟು ಮಂಚಗಳಿವೆ. ಮನೆಗೊಂದರಂತೆ ಹೊದಿಕೆ ಎತ್ತಿದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. ಗಾಳಿ ಜೋರಾದರೆ ತೊಲೆಗಳ ಸಂದಿನಿಂದ ಈಗಲೂ ಹತ್ತಿಯ ಎಳೆ ಉದುರಿ, ಮಲಗಿದವರು ಮೂಗುಜ್ಜಿಕೊಳ್ಳುತ್ತಾರೆ. ನಿವೃತ್ತರಾಗಿ ಆರಾಮವಾಗಿ ಕೂರಬೇಕಾಗಿದ್ದ ಡಾಕ್ಟರು ಊರಿನವರ ಮಾತಿಗೆ ಕಟ್ಟುಬಿದ್ದು ಬಂದರು. ಈಗ ಅವರೂ ಇಲ್ಲ. ಉಳಿದವರೆಂದರೆ ಸಿಸ್ಟರ್, ಕಸ ನೀರು ನೋಡಿಕೊಳ್ಳುವ ಅಜ್ಜಿ, ಮತ್ತೆ ಕಾಂಪೌಂಡರ್ ನಾನು.

ಇವತ್ತು ಹತ್ತೊಂಬತ್ತು ಜನಕ್ಕೆ "ಡಾಕ್ಟ್ರು ಇಲ್ಲ" ಅಂದೆ. ಹತ್ತನೆಯವರ ಹೊತ್ತಿಗೆ ನನ್ನದೇ ತಪ್ಪೇನೋ ಅನ್ನುವ ಹಾಗೆ ದನಿ ತಗ್ಗಿಹೋಗಿತ್ತು.

ಈ ಡೈರಿ ಯಾವುದೋ ಔಷಧದ ಕಂಪನಿಯವರು ಹಿರಿಯ ಡಾಕ್ಟರಿಗೆ ಕೊಟ್ಟದ್ದು. ಮೇಜಿನ ಮೇಲೆ ಬಿಟ್ಟುಹೋಗಿದ್ದಾರೆ. ಔಷಧದ ಕೋಣೆಯ ಹಿಂದೆ ನನ್ನ ಕೋಣೆ. ಕಿಟಕಿ ತೆರೆದರೆ ಎದುರಿಗೆ ಗೋಡೆ. ಐದು ಗಂಟೆಗೆ ಸಿಸ್ಟರ್ ಮನೆಗೆ ಹೊರಟರೆ ಮರುದಿನ ಬೆಳಗಿನವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ನಲವತ್ತಮೂರರ ಒಂಟಿ ಗಂಡಸು ಗೋಡೆಯ ಜೊತೆ ಮಾತಾಡಿದರೆ ಜನ ನಕ್ಕಾರು. ಬರೆದರೆ ಯಾರಿಗೂ ತಿಳಿಯುವುದಿಲ್ಲ.

ಜನವರಿ ೧೪, ಗುರುವಾರ

ಮೇಷ್ಟ್ರು ಬಂದಿದ್ದರು. ಇಲ್ಲಿಯ ಶಾಲೆಯಲ್ಲಿ ಹೆಡ್‌ಮಾಸ್ತರಾಗಿದ್ದವರು, ಈಗ ಆಸ್ಪತ್ರೆ ಸಮಿತಿಯ ಅಧ್ಯಕ್ಷರು. ಅವರ ಅಕ್ಷರ ಕೋಳಿ ಕೆದಕಿದ ಹಾಗಿರುವುದರಿಂದ, ಡಾಕ್ಟರು ಬೇಕೆಂದು ಆರು ಕಡೆಗೆ ನನ್ನ ಕೈಲಿ ಪತ್ರ ಬರೆಸಿದರು. ಮಧ್ಯಾಹ್ನದ ಟಪಾಲಿಗೆ ಸಿಗಲೆಂದು ಊಟ ಬಿಟ್ಟು ಓಡಿ ಡಬ್ಬಿಗೆ ಹಾಕಿ ಬಂದೆ.

ಡಾಕ್ಟರು ಬರುವವರೆಗೆ ಏನು ಮಾಡಬೇಕೆಂಬುದೂ ತೀರ್ಮಾನವಾಯಿತು. ಹಿರಿಯ ಡಾಕ್ಟರ ಚೀಟಿ ಇದ್ದವರಿಗೆ ಅದೇ ಔಷಧ ಮುಂದುವರಿಸುವುದು. ಗಾಯಕ್ಕೆ ಸಿಸ್ಟರ್ ಪಟ್ಟಿ ಕಟ್ಟುವುದು. ಮಿಕ್ಕವರೆಲ್ಲ ಪಟ್ಟಣದ ದೊಡ್ಡಾಸ್ಪತ್ರೆಗೆ. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಮಂಚದ ಮೇಲೆ ಯಾರನ್ನೂ ಉಳಿಸಿಕೊಳ್ಳುವಂತಿಲ್ಲ.

ಒಬ್ಬ ಹೆಂಗಸು ನನ್ನನ್ನು ಡಾಕ್ಟ್ರೇ ಅಂದಳು. ಡಾಕ್ಟ್ರಲ್ಲಮ್ಮ, ಕಾಂಪೌಂಡರ್ ಅಂದೆ. ಇರಲಿ ಬಿಡಪ್ಪ, ಕೊಡೋ ಕೈ ಅದೇ ತಾನೆ ಅಂದಳು. ಸಿಸ್ಟರ್ ಅತ್ತ ತಿರುಗಿ ನಕ್ಕರು.

ಜನವರಿ ೨೩, ಶನಿವಾರ

ಬಡಗಿ ಬಂದಿದ್ದ. ಆಸ್ಪತ್ರೆಯ ಎಂಟೂ ಮಂಚ ಮಾಡಿದವನು ಅವನೇ. ಬಿಗಿಯಾಗಿದ್ದ ಬಾಗಿಲು ಕೆತ್ತಿ ಸರಿಮಾಡುತ್ತ, ನಾನು ಔಷಧದ ಮೇಜಿನ ಮುಂದೆ ನಿಂತೇ ಡಬ್ಬಿಯಿಂದ ಊಟ ಮಾಡುವುದನ್ನು ನೋಡಿದ. ನಿಂತು ತಿನ್ನೋದು ಕುದುರೆ ಅಂದ. ಸಂಜೆ ಕೈ ಹಿಡಿದು ಮನೆಗೆ ಎಳೆದುಕೊಂಡೇ ಹೋದ. ನನಗಿಂತ ಐದಾರು ವರ್ಷ ದೊಡ್ಡವನು. ಹೋಗುವ ದಾರಿಯಲ್ಲೇ ಅವನು ನನಗೆ ಅಣ್ಣನಾದ. ಅವನ ಹೆಂಡತಿ ಸಹಜವಾಗಿಯೇ ಅತ್ತಿಗೆ.

ಮನೆಯ ತುಂಬ ಹೊಸ ಮರದ ವಾಸನೆ. ಮೂವರೂ ನೆಲದ ಮೇಲೆ ಕೂತು ಉಂಡೆವು. ಅತ್ತಿಗೆಯ ಮಾತಿಗೆ ತಡೆಯೇ ಇಲ್ಲ.

"ನಿಮ್ಮಣ್ಣ ಮಾತಾಡೋದು ಮರದ ಜೊತೆ ಮಾತ್ರ" ಅಂದರು. "ನೀವು ಬಾಟ್ಲಿಗಳ ಜೊತೆ ಮಾತಾಡ್ತೀರೇನೋ. ಇಬ್ಬರನ್ನೂ ಕೂರಿಸ್ಕೊಂಡು ನಾನೊಬ್ಬಳೇ ಗಂಟಲು ಹರ್ಕೋಬೇಕು."

ನಗು ತಡೆಯಲಾರದೆ ನೀರು ನೆತ್ತಿಗೇರಿತು. ಎಷ್ಟು ದಿನವಾಗಿತ್ತು ಹಾಗೆ ನೆತ್ತಿಗೇರಿ.

ಹಿಂದಿರುಗಿ ಕೋಣೆಯ ಬೀಗ ತೆಗೆದಾಗ, ಒಳಗೆ ಯಾರೂ ಇಲ್ಲ ಎನ್ನುವುದು ಬೇರೆ ದಿನಗಳಿಗಿಂತ ಸ್ವಲ್ಪ ಹೆಚ್ಚಾಗಿ ಗೊತ್ತಾಯಿತು.

ಫೆಬ್ರವರಿ ೨, ಮಂಗಳವಾರ

ಹಿಟ್ಟಿನ ಗಿರಣಿಯ ಯಜಮಾನರ ಕಿವಿಗೆ ಹುಳ ಹೊಕ್ಕಿತ್ತು. ಅಷ್ಟು ದೊಡ್ಡ ಗಂಡಸು ತಲೆ ಹಿಡಿದುಕೊಂಡು ಎಳೆಮಗುವಿನ ಹಾಗೆ ಅಳುತ್ತ ಬಂದರು. ಹಿಂದೆ ಅರ್ಧ ಬೀದಿ. ಬೆಚ್ಚಗಿನ ಎಣ್ಣೆ ನಾಲ್ಕು ತೊಟ್ಟು ಬಿಟ್ಟೆ. ಹಿರಿಯ ಡಾಕ್ಟರು ಹಾಗೆ ಮಾಡುವುದನ್ನು ನೋಡಿದ್ದೆ. ಎರಡು ನಿಮಿಷಕ್ಕೆ ಹುಳ ತೇಲಿ ಬಂತು. ಅದನ್ನು ಬಿಳಿಯ ತಟ್ಟೆಯಲ್ಲಿಟ್ಟು ತೋರಿಸಿದೆ. ಜನ ಸಾಲಾಗಿ ನಿಂತು ನೋಡಿದರು.

ಮಧ್ಯಾಹ್ನ ಚೀಟಿ ಇಲ್ಲದವರು ಹದಿಮೂರು ಜನ ಬಂದರು. ನೆಗಡಿ, ಕಜ್ಜಿ, ಹೊಟ್ಟೆಯುಬ್ಬರ, ಇಂಥವೇ. ಇದಕ್ಕಾಗಿ ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗಿ ಎಂದರೆ ಕ್ರೌರ್ಯವಾದೀತು. ನಾನೇ ಚೀಟಿ ಬರೆದು ನಾನೇ ಔಷಧ ಕೊಟ್ಟೆ. ಔಷಧದ ಕೋಣೆಯಲ್ಲಿ ಬೆಳಕು ಸಾಲದು. ಡಾಕ್ಟರ ಕೋಣೆಯಲ್ಲಿ ಕೂತು ಬರೆದೆ. ಬೆಳಕಿಗೆ, ಅಷ್ಟೇ.

ಡಾಕ್ಟ್ರೇ ಅಂದವರನ್ನು ಒಂದು ಸಲ ತಿದ್ದಿದೆ. ಆಮೇಲೆ ಗದ್ದಲದಲ್ಲಿ ಬಿಟ್ಟುಹೋಯಿತು.

ಫೆಬ್ರವರಿ ೧೭, ಬುಧವಾರ

ಒಬ್ಬ ಡಾಕ್ಟರಿಂದ ಉತ್ತರ ಬಂದಿದೆ. ವಯಸ್ಸು ಮೂವತ್ತೆಂಟು. ಬರಲು ಒಪ್ಪಿಗೆಯಂತೆ. ಮನೆ ಸಿಗುತ್ತದೆಯೇ, ಮಕ್ಕಳಿಗೆ ಶಾಲೆ ಹೇಗಿದೆ ಎಂದು ಕೇಳಿದ್ದಾರೆ. ಎರಡಕ್ಕೂ ಹೌದೆಂದು ಬರೆದುಬಿಡಿ ಅಂತ ಮೇಷ್ಟ್ರು ಕಾಗದ ನನ್ನ ಕೈಗಿತ್ತು ಹೋದರು. ಬರೆಯಬೇಕು. ಇವತ್ತು ಮೂವತ್ತೆರಡು ಜನ ಬಂದಿದ್ದರು, ಬೆರಳು ಸೋತಿವೆ. ನಾಳೆ ಬರೆದರಾಯಿತು.

ಅಣ್ಣನ ಮನೆಯಲ್ಲಿ ಊಟ. ನಿನ್ನ ಡಾಕ್ಟ್ರು ಮೈದುನನಿಗೆ ಇನ್ನೊಂದು ತುತ್ತು ಬಡಿಸು ಅಂತ ಅಣ್ಣ ತಮಾಷೆ ಮಾಡಿದ. ಅತ್ತಿಗೆ ಬಡಿಸಿದರು.

ಮಾರ್ಚ್ ೪, ಗುರುವಾರ

ನಲವತ್ತೊಂದು ಜನ.

ಹಿರಿಯ ಡಾಕ್ಟರ ಬಿಳಿ ಕೋಟು ಮೊಳೆಗೆ ಸುಮ್ಮನೆ ನೇತುಬಿದ್ದಿತ್ತು. ಅಂಗಿಗೆ ಟಿಂಚರ್ ಕಲೆಯಾಗುತ್ತದೆಂದು ಹಾಕಿಕೊಂಡೆ. ಭುಜಕ್ಕೆ ಹೇಳಿ ಹೊಲಿಸಿದ ಹಾಗಿದೆ. ಪೇಟೆ ಬೀದಿಯಲ್ಲಿ ಬರುವಾಗ ಅಂಗಡಿಯವರೆಲ್ಲ ಎದ್ದು ನಿಂತು ನಮಸ್ಕಾರ ಅಂದರು. ಮೊದಲು ಆ ಬೀದಿ ಇಷ್ಟು ಚಿಕ್ಕದೆಂದು ತಿಳಿದಿರಲಿಲ್ಲ. ಎರಡು ಸುತ್ತು ಹೋಗಿಬಂದೆ.

ಮಾರ್ಚ್ ೨೦, ಶನಿವಾರ

ಸಿಸ್ಟರಿಗೂ ನನಗೂ ಮಾತಾಯಿತು. ಮೊನ್ನೆ ಮೂರು ದಿನದ ಜ್ವರದ ಮಗುವೊಂದು ಬಂದಿತ್ತು. ಪಟ್ಟಣಕ್ಕೆ ಕಳಿಸಿ ಅಂದರು. ನಾನು ಔಷಧ ಕೊಟ್ಟೆ. ಇವತ್ತು ಮಗು ಅಂಗಳದಲ್ಲಿ ಆಡುತ್ತಿದೆ. ಅದನ್ನು ಅವರ ಗಮನಕ್ಕೆ ತಂದೆ.

"ಅದು ತಾನಾಗೇ ಇಳಿಯೋ ಜ್ವರ, ಕಾಂಪೌಂಡ್ರೇ" ಅಂದರು. ಇಡೀ ಊರಲ್ಲಿ ನನ್ನನ್ನು ಈಗ ಹಾಗೆ ಕರೆಯುವವರು ಅವರೊಬ್ಬರೇ. ಇಪ್ಪತ್ತು ವರ್ಷ ನರ್ಸಾಗಿದ್ದೂ ತಮ್ಮ ಹತ್ತಿರ ಯಾರೂ ಕೇಳಿಕೊಂಡು ಬರುವುದಿಲ್ಲವೆಂಬ ಹೊಟ್ಟೆಯುರಿ ಇದ್ದರೂ ಇರಬಹುದು.

ಮೇಷ್ಟ್ರು ಬಂದು, ಆ ಡಾಕ್ಟರು ಬೇರೆ ಊರಿಗೆ ಹೋಗಿಬಿಟ್ಟರಂತೆ ಅಂದರು. ನಮ್ಮ ಕಡೆಯಿಂದ ಉತ್ತರವೇ ಬರಲಿಲ್ಲ ಅಂತ ಯಾರ ಹತ್ತಿರವೋ ಹೇಳಿದರಂತೆ. ಟಪಾಲಿನವರ ಹಣೆಬರಹ ಅಂದರು ಮೇಷ್ಟ್ರು. ಕಾಗದ ಇನ್ನೂ ಡ್ರಾಯರಿನಲ್ಲೇ ಇದೆ. ಇಷ್ಟು ಕೆಲಸದ ನಡುವೆ ಯಾರಿಗಾದರೂ ಮರೆಯುತ್ತದೆ.

"ಹೋಗ್ಲಿ ಬಿಡಿ" ಅಂದರು ಹೊರಡುವಾಗ. "ಹೇಗೂ ನೀವಿದ್ದೀರಲ್ಲ."

ಏಪ್ರಿಲ್ ೬, ಮಂಗಳವಾರ

ಬೆಳಿಗ್ಗೆ ಜನ ಸೇರುವ ಮೊದಲೇ ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಬಂದ. ನಿನ್ನೆಯಿಂದ ಹೊಟ್ಟೆನೋವು. ಮೊದಲು ಹೊಕ್ಕುಳ ಸುತ್ತ ಇದ್ದದ್ದು ಈಗ ಬಲಗಡೆ ಕೆಳಗೆ ಇಳಿದಿದೆ. ಎರಡು ಸಲ ವಾಂತಿ. ಮೈ ಸ್ವಲ್ಪ ಬೆಚ್ಚಗಿತ್ತು. ಅಷ್ಟು ಮಾತಿನ ಅತ್ತಿಗೆ ಮಾತಾಡಲಿಲ್ಲ. ಖಾಲಿ ವಾರ್ಡಿನಲ್ಲಿ ಮಂಚದ ಮೇಲೆ ಕಾಲು ಮಡಚಿಕೊಂಡು ಮಲಗಿದರು.

ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಇವತ್ತೇ ಕಳಿಸಿ, ಇಟ್ಟಿಗೆ ಭಟ್ಟಿಯ ಲಾರಿ ಮಧ್ಯಾಹ್ನ ಪಟ್ಟಣಕ್ಕೆ ಹೋಗುತ್ತೆ ಅಂದರು. ಅಣ್ಣನ ಕಿವಿಗೂ ಬಿತ್ತು. ಅವನು ನನ್ನ ಮುಖ ನೋಡಿದ.

"ಹೋಗಬೇಕಾ? ನೀವು ಹೇಳಿದ ಹಾಗೆ."

ಲಾರಿಯಲ್ಲಿ ನಾಲ್ಕು ಗಂಟೆ ಕುಲುಕಿಸಿಕೊಂಡು ಹೋದರೆ ನೋವು ಹೆಚ್ಚೇ ಆಗುತ್ತದೆ. ಎರಡು ದಿನದಿಂದ ಮಲ ಸರಿಯಾಗಿ ಹೋಗಿಲ್ಲವೆಂದೂ ಹೇಳಿದ್ದರು. ಏನೂ ಬೇಡ ಅಣ್ಣ, ನಾನು ನೋಡ್ಕೋತೀನಿ ಅಂದೆ. ಭೇದಿಯಾಗಲೆಂದು ಒಂದು ಔಷಧ, ನೋವಿಗೆ ಒಂದು ಔಷಧ ನನ್ನ ಕೈಯಾರೆ ಕಲಸಿ ಕುಡಿಸಿದೆ. ಸಿಸ್ಟರ್ ಕೋಣೆಯಿಂದ ಹೊರಗೆ ಹೋದರು.

ಸಂಜೆ ಐದರ ಹೊತ್ತಿಗೆ ನೋವು ಥಟ್ಟನೆ ನಿಂತಿತು. ಊದಿ ಹಾರಿಸಿದ ಹಾಗೆ. ಅತ್ತಿಗೆ ಕಣ್ಣು ಬಿಟ್ಟು, ಹೋಯ್ತು ಅಂದರು. ಅಣ್ಣ ನನ್ನ ಎರಡೂ ಕೈ ಹಿಡಿದುಕೊಂಡ. ಮನೆಗೆ ಕರೆದೊಯ್ದಿದ್ದಾನೆ.

ಬರೆಯುತ್ತ ನನಗೇ ನಗು ಬರುತ್ತಿದೆ. ಕಲಿತ ವಿದ್ಯೆ ಇಂಥ ದಿನಕ್ಕೆ ಒದಗಬೇಕು.

ಏಪ್ರಿಲ್ ೯, ಶುಕ್ರವಾರ

ಎರಡು ದಿನ ಬರೆಯಲಾಗಲಿಲ್ಲ. ಆದದ್ದನ್ನು ಆದ ಹಾಗೆ ಬರೆಯಲು ನೋಡುತ್ತೇನೆ.

ಬುಧವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅಣ್ಣ ಬಂದು ನಿಂತಿದ್ದ. ಹೊಟ್ಟೆ ಹಲಗೆ ಆಗಿದೆ ಅಂದ. ಬಡಗಿಯ ಮಾತಲ್ಲವೇ, ಹೋಲಿಕೆಗೆ ಹೇಳಿದ್ದಿರಬೇಕು ಅಂದುಕೊಂಡೆ. ಹೋಗಿ ಮುಟ್ಟಿದರೆ ನಿಜವಾಗಿಯೂ ಹಲಗೆ. ಅತ್ತಿಗೆಯ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಉಸಿರು ಮೇಲೆ ಮೇಲೆಯೇ ಆಡುತ್ತಿತ್ತು. ಸಿಸ್ಟರ್ ನನ್ನ ಹಿಂದೆಯೇ ಬಂದವರು ನಾಡಿ ಹಿಡಿದು, ನನ್ನ ಕಡೆ ನೋಡದೆ, ಲಾರಿ ತರಿಸಿ ಅಂದರು.

ಇಟ್ಟಿಗೆ ಇಳಿಸಿ ಹುಲ್ಲು ಹಾಸಿ ಮಲಗಿಸಿದೆವು. ಅಣ್ಣ ತಲೆಯ ಕಡೆ, ನಾನು ಕಾಲ ಕಡೆ. ಒಂದೊಂದು ಹಳ್ಳಕ್ಕೂ ಅತ್ತಿಗೆ ಹಲ್ಲು ಕಚ್ಚುತ್ತಿದ್ದರು, ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

ದೊಡ್ಡಾಸ್ಪತ್ರೆಯ ಸರ್ಜನ್ ಹೊಟ್ಟೆಯ ಮೇಲೆ ಕೈಯಿಟ್ಟದ್ದು ಅರ್ಧ ನಿಮಿಷವಿರಬೇಕು. ಒಳಗೆ ಕರುಳಿನ ಬಾಲ, ಅಪೆಂಡಿಕ್ಸ್, ಒಡೆದು ಕೀವು ಹರಡಿದೆ ಅಂದರು. ಒಡೆದ ಹೊತ್ತಿನಲ್ಲಿ ನೋವು ಒಮ್ಮೆ ಪೂರ್ತಿ ನಿಲ್ಲುತ್ತದಂತೆ. ಅಲ್ಲಿಂದ ಮುಂದೆ ಒಂದೊಂದು ಗಂಟೆಯೂ ಸಾವಿಗೆ ಹತ್ತಿರವಂತೆ. ಆ ಹೊತ್ತಿನಲ್ಲಿ ನಾನು ಇಲ್ಲಿ ಕೂತು ನಗುತ್ತ ಡೈರಿ ಬರೆಯುತ್ತಿದ್ದೆ.

ನಿನ್ನೆ ಏನೋ ಕುಡಿದು ಭೇದಿಯಾಯಿತೆಂದು ಅತ್ತಿಗೆ ತೊದಲಿದರು. "ಭೇದಿಗೆ ಯಾರು ಕೊಟ್ಟರು?" ಅಂತ ಕೇಳಿದರು ಸರ್ಜನ್.

ಅಣ್ಣ ನನ್ನ ಕಡೆ ನೋಡಿದ. ನೋಡಿ ಮುಖ ತಿರುಗಿಸಿದ.

"ಮನೇಲೇ ಕೊಟ್ವಿ ಸಾರ್."

"ಓದು ಬರಹ ಇಲ್ವಾ ನಿಮಗೆ? ಕೈಯಾರೆ ಕೊಲ್ಲೋಕೆ ಹೊರಟಿದ್ದೀರಲ್ಲ, ಕಟ್ಕೊಂಡ ಹೆಂಡತೀನ."

ಆ ಉದ್ದದ ಓಣಿಯಲ್ಲಿ ಹತ್ತು ಹದಿನೈದು ಜನರಿದ್ದರು. ಎಲ್ಲರೂ ತಿರುಗಿ ನೋಡಿದರು. ಅಣ್ಣ ತಲೆ ತಗ್ಗಿಸಿ, ತಪ್ಪಾಯ್ತು ಸಾರ್, ಬದುಕಿಸಿ ಅಂದ. ನಾನು ಅವನಿಂದ ಎರಡು ಅಡಿ ದೂರದಲ್ಲಿದ್ದೆ. ಬಾಯಿ ತೆರೆದಿದ್ದೆ ಅಂತ ಅನ್ನಿಸುತ್ತದೆ. ತೆರೆದಿರಲಿಲ್ಲವೇನೋ.

ಆಪರೇಶನ್ ಎರಡೂವರೆ ಗಂಟೆ ಹಿಡಿಯಿತು. ಹೊರಗೆ ಬೆಂಚಿನ ಮೇಲೆ ನಾವಿಬ್ಬರೂ. ಯಾಕೆ ಹಾಗೆ ಹೇಳಿದೆ ಅಂತ ಕೇಳಿದೆ. ಊರವರು ಒಟ್ಟಾಗಿ ಕಟ್ಟಿಕೊಂಡ ಆಸ್ಪತ್ರೆಗೆ ಕೆಟ್ಟ ಹೆಸರು ಬಂದರೆ ಮುಚ್ಚಿಸಿಬಿಡುತ್ತಾರೆ ಅಂದ. ಅಷ್ಟೇ ಹೇಳಿದ್ದು. ಆಮೇಲೆ ಊರಿಗೆ ಹೋಗಿ ಅಂದ. ಬೆಳಗಿನ ಬಸ್ಸಿಗೆ ಬಂದೆ. ಅತ್ತಿಗೆಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಕಳಿಸಿದ್ದರೂ ದಾರಿಯಲ್ಲೇ ಒಡೆಯಬಹುದಿತ್ತು. ಆ ಮಾತನ್ನು ಯಾರೂ ಅಲ್ಲಗಳೆಯಲಾರರು.

ಏಪ್ರಿಲ್ ೧೧, ಭಾನುವಾರ

ಮೇಲಿನ ಕೊನೆಯ ಎರಡು ಸಾಲು ಓದಿದೆ. ಹೊಡೆದುಹಾಕಬೇಕೆಂದಿದ್ದೆ. ಹಾಗೇ ಇರಲಿ. ಬರೆದವನು ಯಾರೆಂದು ನನಗೆ ನೆನಪಿರಲಿ.

ಏಪ್ರಿಲ್ ೧೪, ಬುಧವಾರ

ಅತ್ತಿಗೆ ಬದುಕಿದ್ದಾರೆ. ಹೊಟ್ಟೆಗೆ ಕೊಳವೆ ಹಾಕಿದ್ದಾರಂತೆ, ಜ್ವರ ಇಳಿದಿಲ್ಲವಂತೆ. ಲಾರಿ ಡ್ರೈವರ್ ತಂದ ಸುದ್ದಿ.

ಜನ ಬರುತ್ತಲೇ ಇದ್ದಾರೆ. ಬಡಗಿಯವನ ದಡ್ಡತನ ನೋಡಿ, ಮನೆಯಲ್ಲೇ ಏನೋ ಕುಡಿಸಿದನಂತೆ ಅಂತ ನನ್ನ ಮುಂದೆಯೇ ಆಡಿಕೊಳ್ಳುತ್ತಾರೆ. ಗಿರಣಿಯ ಯಜಮಾನರಂತೂ, ನಿಮ್ಮ ಹತ್ತಿರ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಅಂದರು. ಕೈಯಲ್ಲಿದ್ದ ಬಾಟ್ಲಿ ಜಾರಿ ಒಡೆಯಿತು. ಸಿಸ್ಟರ್ ಬಂದು ಚೂರುಗಳನ್ನು ಆಯ್ದರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎದುರುತ್ತರ ಕೊಡಬಹುದಿತ್ತು.

ಕೋಟು ತೆಗೆದು ಮೊಳೆಗೆ ಹಾಕಿದ್ದೇನೆ. ಐದಕ್ಕೆ ಎಲ್ಲರೂ ಹೋದ ಮೇಲೆ ಎಂಟು ಮಂಚಗಳ ನಡುವೆ ಸುಮ್ಮನೆ ಓಡಾಡಿದೆ. ಎಂಟೂ ಖಾಲಿ. ಅಣ್ಣ ಮಾಡಿದ ಕೆಲಸ, ಎಲ್ಲಿ ಮುಟ್ಟಿದರೂ ಸಿಬಿರಿಲ್ಲ. ಅವನ ಮನೆಯಲ್ಲಿ ದೀಪವಿಲ್ಲ. ನನಗೆ ಹಸಿವಿಲ್ಲ.

ಏಪ್ರಿಲ್ ೧೭, ಶನಿವಾರ

ಮೊದಲ ಬಸ್ಸಿಗೆ ಪಟ್ಟಣಕ್ಕೆ ಹೋಗಿಬಂದೆ. ಸರ್ಜನ್ ಕೈ ತೊಳೆಯುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಎಲ್ಲೋ ಹೋಯಿತು.

"ಆ ಬಡಗಿ ಹೆಂಡತಿಗೆ ಭೇದಿಗೆ ಕೊಟ್ಟಿದ್ದು ನಾನು. ಡಾಕ್ಟರಲ್ಲ, ಕಾಂಪೌಂಡರ್. ನರ್ಸು ಕಳಿಸಿ ಅಂದಿದ್ದರು. ನಾನೇ ಬೇಡ ಅಂದೆ."

ಅವರು ನಲ್ಲಿ ನಿಲ್ಲಿಸಿದರು. ಒದೆಯಲೆಂದು ಕಾಯುತ್ತಿದ್ದೆ. ಕೈ ಒರೆಸಿಕೊಂಡು, ಬನ್ನಿ ಅಂದರು. ವಾರ್ಡಿಗೆ ಕರೆದೊಯ್ದರು. ಅತ್ತಿಗೆ ನಿದ್ದೆಯಲ್ಲಿದ್ದರು, ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಅಣ್ಣ ಸ್ಟೂಲಿನಿಂದ ಎದ್ದ. ಸರ್ಜನ್ ಎಲ್ಲರಿಗೂ ಕೇಳುವ ಹಾಗೆ, ಅವತ್ತು ನಿಮ್ಮನ್ನು ಬೈದದ್ದು ನನ್ನ ತಪ್ಪು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಅಂದರು. ಆಮೇಲೆ ನನ್ನ ಬೆರಳು ಹಿಡಿದು ನನ್ನದೇ ಹೊಟ್ಟೆಯ ಬಲಗಡೆಗೆ ಒತ್ತಿದರು.

"ಇಲ್ಲಿ. ಇಲ್ಲಿ ನೋವು ಅಂದರೆ ಏನೂ ಕೊಡಬೇಡಿ. ನೀರೂ ಬೇಡ. ಕಳಿಸಿ."

ಡಾಕ್ಟರಿಲ್ಲದೆ ಎಷ್ಟು ದಿನವಾಯಿತು ಎಂದರು. ತೊಂಬತ್ತಾರು ದಿನ ಅಂದೆ. ತಮ್ಮ ಕೈಕೆಳಗೆ ಕಲಿತ ಒಬ್ಬರಿಗೆ ಬರೆದು ನೋಡುತ್ತೇನೆ ಅಂದು ಹೊರಟರು.

ಅಣ್ಣ ನನ್ನ ಜೊತೆ ಮೆಟ್ಟಿಲವರೆಗೆ ಬಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ.

"ಔಷಧಿ ತಪ್ಪಾಯ್ತು, ಆಗ್ಲಿ. ನನ್ನ ಉಳೀನೂ ಒಂದೊಂದ್ಸಲ ಜಾರುತ್ತೆ. ಸುಳ್ಳು ಹೇಳಿದ್ದೂ ನಾನೇ, ನೀವು ಹೇಳಿಸಿದ್ದಲ್ಲ. ಆದರೆ ನಾನು ಅಷ್ಟು ಜನರ ಮುಂದೆ ಬೈಸ್ಕೊಳ್ಳುವಾಗ ನೀವು ಗೋಡೆ ನೋಡ್ತಾ ನಿಂತಿದ್ರಿ."

ನಾನು ಅಣ್ಣ ಅಂದೆ. ಅವನು ಹಿಂದಿರುಗಿ ಹೋದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಊರು ಬಂದದ್ದೇ ತಿಳಿಯಲಿಲ್ಲ.

ಏಪ್ರಿಲ್ ೧೯, ಸೋಮವಾರ

ಸಮಿತಿಯ ಮುಂದೆ ಎಲ್ಲ ಹೇಳಿದೆ. ಡ್ರಾಯರಿನಿಂದ ಆ ಕಾಗದ ತೆಗೆದು ಮೇಷ್ಟ್ರ ಮುಂದೆ ಇಟ್ಟೆ. ಮರೆತಿರಲಿಲ್ಲ ಅಂದೆ. ಆ ಮಾತು ಬಾಯಿಂದ ಬಂದಾಗಲೇ ಅದು ನಿಜವೆಂದು ನನಗೂ ಗೊತ್ತಾದದ್ದು.

ಯಾರೂ ಕೂಗಾಡಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಎಷ್ಟೋ ಹೊತ್ತು ಒರೆಸಿದರು. ಉತ್ತರ ಬರೆದಿರಾ ಅಂತ ಮತ್ತೊಮ್ಮೆ ಕೇಳಬಹುದಿತ್ತು ನಾನು, ಕೇಳಲಿಲ್ಲ, ನನಗೂ ಹೀಗೇ ಸಲೀಸಾಗಿತ್ತು ಅಂದರು. ಕೆಲಸ ಬಿಡುತ್ತೇನೆಂದು ಬರೆದು ತಂದಿದ್ದ ಚೀಟಿಯನ್ನು ಕೊಟ್ಟೆ. ಆಗ ಗೋಡೆಗೆ ಒರಗಿ ನಿಂತಿದ್ದ ಸಿಸ್ಟರ್ ಮಾತಾಡಿದರು.

"ಔಷಧಿ ಕಲಸೋದರಲ್ಲಿ ಇವರನ್ನ ಮೀರಿಸೋರು ನಮಗೆ ಸಿಗಲ್ಲ. ಇರಲಿ. ಡಾಕ್ಟರ ಕೋಣೆ ಕೀಲಿ ಮಾತ್ರ ನನ್ನ ಹತ್ತಿರ ಇರಲಿ."

ಕೀಲಿ ಅವರ ಅಂಗೈಗೆ ಹಾಕಿದೆ. ಮೇಷ್ಟ್ರು ನನ್ನ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಹರಿಯಲಿಲ್ಲ.

ಏಪ್ರಿಲ್ ೨೭, ಮಂಗಳವಾರ

ಆರು ಜನ. ಎಲ್ಲರೂ ಹಳೇ ಚೀಟಿಯವರು.

ಪೇಟೆ ಬೀದಿಯಲ್ಲಿ ಗಿರಣಿಯ ಯಜಮಾನರು ಎದುರಾದರು. ಇಬ್ಬರಿಗೂ ಒಂದೇ ಸಲಕ್ಕೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತು. ಇಬ್ಬರೂ ಬಗ್ಗಿ ತೆಗೆದೆವು.

ಮೇ ೧೦, ಸೋಮವಾರ

ಹನ್ನೊಂದರ ಬಸ್ಸಿಗೆ ಸರ್ಜನ್ ಹೇಳಿದ್ದ ಡಾಕ್ಟರು ಬಂದರು. ಹೆಂಗಸು. ವಯಸ್ಸು ಮೂವತ್ತರ ಒಳಗೇ. ಟ್ರಂಕನ್ನು ಯಾರ ಕೈಗೂ ಕೊಡದೆ ತಾವೇ ಹೊತ್ತುಕೊಂಡು ಒಳಗೆ ಬಂದರು. ಸ್ವಾಗತಕ್ಕೆಂದು ಮೇಷ್ಟ್ರು ಬರೆದುಕೊಂಡು ಬಂದ ಭಾಷಣ ಮೂರನೇ ವಾಕ್ಯಕ್ಕೆ ನಿಂತುಹೋಯಿತು, ಯಾಕೆಂದರೆ ಡಾಕ್ಟರು ಆಗಲೇ ಮಂಚಗಳ ಕೆಳಗೆ ಬಗ್ಗಿ ನೆಲ ನೋಡುತ್ತಿದ್ದರು. ತಲೆಯ ಮೇಲೆ ಹತ್ತಿಯ ಎಳೆ ಬಿತ್ತು. ಮೇಲೆ ನೋಡಿ, ಮೊದಲು ಚಾವಣಿಗೆ ಬಟ್ಟೆ ಕಟ್ಟಿಸಿ ಅಂದರು.

ಸಾಲಿನಲ್ಲಿ ಮೊದಲಿದ್ದ ಮುದುಕ ನನ್ನ ಔಷಧದ ಕಿಟಕಿಗೇ ಬಂದು, ಆಯಮ್ಮನಿಗೆ ಏನು ಗೊತ್ತು, ನೀವೇ ಏನಾದರೂ ಕೊಡಿ ಅಂದ. ಅವನನ್ನು ಭುಜ ಹಿಡಿದು ಒಳಗೆ ಕರೆದೊಯ್ದು ಕೂರಿಸಿದೆ.

ಮಧ್ಯಾಹ್ನ ರಿಜಿಸ್ಟರ್ ತರಿಸಿ ಓದಿದರು. ಫೆಬ್ರವರಿಯಿಂದ ಮುಂದಿನದೆಲ್ಲ ನನ್ನ ಅಕ್ಷರ. ಬೈಯಲಿಲ್ಲ. ಒಂದು ಕೆಂಪು ಪೆನ್ಸಿಲ್ ನನ್ನ ಕೈಗೆ ಕೊಟ್ಟರು.

"ಇದರಲ್ಲಿ ಯಾರ್ಯಾರನ್ನ ನೀವು ಮುಟ್ಟಬಾರದಿತ್ತು, ಗುರುತು ಹಾಕಿ. ನಿಮಗೇ ಚೆನ್ನಾಗಿ ಗೊತ್ತಿರುತ್ತೆ."

ಅವರ ಎದುರಿಗೆ ಕೂತು ಒಂದೊಂದೇ ಹೆಸರು ನೋಡಿದೆ. ಮುಗಿಯುವ ಹೊತ್ತಿಗೆ ಐದು ದಾಟಿತ್ತು. ಮೂವತ್ತನಾಲ್ಕು ಗುರುತು. ಇವರನ್ನೆಲ್ಲ ಮತ್ತೆ ನೋಡಬೇಕು, ಕರೆದುಕೊಂಡು ಬರುವುದು ನಿಮ್ಮ ಕೆಲಸ ಅಂದರು.

ಮೇ ೧೯, ಬುಧವಾರ

ಐದರ ನಂತರ ಮನೆ ಮನೆ ಅಲೆಯುತ್ತಿದ್ದೇನೆ. ಎಲ್ಲ ಕಡೆ ಅದೇ ಮಾತು ಹೇಳಬೇಕು: ನಾನು ಕೊಟ್ಟದ್ದು ಸರಿಯೋ ತಪ್ಪೋ ನನಗೆ ತಿಳಿಯದು, ಡಾಕ್ಟರು ಒಮ್ಮೆ ನೋಡಲಿ, ಬನ್ನಿ. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬರು ಚಹಾ ಕೊಟ್ಟರು. ಗಿರಣಿಯ ಯಜಮಾನರು ಬೈದರು, ಬೈದು ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದರು. ಅವರ ಕಿವಿ ಚೆನ್ನಾಗಿದೆ. ಎದೆಯುರಿಗೆ ಅಂತ ನಾನು ಕೊಡುತ್ತಿದ್ದದ್ದೇ ಸರಿಯಿರಲಿಲ್ಲ. ಡಾಕ್ಟರು ಬದಲಾಯಿಸಿದರು.

ಇಪ್ಪತ್ತೊಂದು ಜನ ಬಂದುಹೋದರು. ಇನ್ನು ಹದಿಮೂರು. ವಾರ್ಡಿನಲ್ಲಿ ಮೂರು ಮಂಚ ತುಂಬಿವೆ. ಗೋಡೆಯಾಚೆಯಿಂದ ಯಾರೋ ಕೆಮ್ಮುವುದು ಕೇಳಿಸುತ್ತದೆ. ನಮ್ಮ ಕೆಮ್ಮಿನ ಔಷಧಕ್ಕೆ ಜ್ಯೇಷ್ಠಮಧು ಸ್ವಲ್ಪ ಕಡಿಮೆಯಾಯಿತೇನೋ. ನಾಳೆ ಡಾಕ್ಟರನ್ನು ಕೇಳಬೇಕು.

ಜೂನ್ ೨, ಬುಧವಾರ

ಅತ್ತಿಗೆ ಊರಿಗೆ ಬಂದು ನಾಲ್ಕು ದಿನವಾಗಿತ್ತು. ನಾನು ಹೋಗಿರಲಿಲ್ಲ. ಅವರ ಬೀದಿ ಬಿಟ್ಟು ಸುತ್ತಿ ಓಡಾಡುತ್ತಿದ್ದೆ.

ಇವತ್ತು ಹತ್ತೂವರೆಗೆ ಆಸ್ಪತ್ರೆಗೆ ಬಂದರು. ಬಾಗಿಲಿನಿಂದ ಡಾಕ್ಟರ ಕೋಣೆಗೆ ಹೋಗುವಷ್ಟರಲ್ಲಿ ಎರಡು ಸಲ ನಿಂತು ಸುಧಾರಿಸಿಕೊಂಡರು. ಅಣ್ಣ ಗೇಟಿನ ಹೊರಗೇ ಉಳಿದ. ಡಾಕ್ಟರು ಬಹಳ ಹೊತ್ತು ನೋಡಿದರು. ಗಾಯ ಮಾಗಿದೆ, ರಕ್ತ ಕಡಿಮೆಯಿದೆ ಅಂತ ಟಾನಿಕ್ ಬರೆದುಕೊಟ್ಟರು. ಚೀಟಿ ಹಿಡಿದು ಅತ್ತಿಗೆ ನನ್ನ ಕಿಟಕಿಗೆ ಬಂದರು.

ನಾನು ಚೀಟಿಯನ್ನು ಮೂರು ಸಲ ಓದಿದೆ. ಎರಡು ಸಲ ಅಳೆದೆ. ಬಾಟ್ಲಿಗೆ ಅಳತೆಯ ಪಟ್ಟಿ ಅಂಟಿಸಿ, ಊಟವಾದ ಮೇಲೆ, ದಿನಕ್ಕೆ ಎರಡು ಸಲ ಅಂತ ಹೇಳಿ ಮುಂದಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಿರಡೆ ತೆಗೆದು ನನ್ನ ಕಡೆಗೆ ನೂಕಿದರು.

"ಮೊದಲು 'ಡಾಕ್ಟ್ರು' ಮೈದುನ ಒಂದು ಗುಟುಕು ಕುಡೀಲಿ."

ತಮಾಷೆಯ ದನಿಯಾಗಿರಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿದರು. ಅಳತೆ ಲೋಟಕ್ಕೆ ಬಗ್ಗಿಸಿ ಕುಡಿದೆ. ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿತ್ತು. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ಕಣ್ಣು ತೆಗೆಯಲಿಲ್ಲ.

"ಸಾಯಲಿಲ್ಲ" ಅಂದರು ಕೊನೆಗೆ, ಸಾಲಿನವರ ಕಡೆ ತಿರುಗಿ. ಯಾರೋ ನಕ್ಕರು. ಅವರಿಗೂ ನಗು ಬಂತು. ತಕ್ಷಣ ಹೊಟ್ಟೆ ಒತ್ತಿ ಹಿಡಿದುಕೊಂಡರು. "ನಗಿಸಬೇಡಿ ನನ್ನ, ಹೊಲಿಗೆ ಎಳೆಯುತ್ತೆ."

ನಾನು ಏನೂ ಹೇಳಿರಲಿಲ್ಲ. ಬಿರಡೆ ಬಿಗಿಮಾಡಿ ಬಾಟ್ಲಿ ಕೊಟ್ಟೆ.

ಗೇಟಿನ ಹತ್ತಿರ ಅವರು ಅಣ್ಣನಿಗೆ ಏನೋ ಹೇಳಿದರು. ಅಣ್ಣ ನನ್ನ ಕಿಟಕಿಯ ಕಡೆ ನೋಡಿದ. ಎಷ್ಟೋ ದಿನದ ಮೇಲೆ ನೋಡಿದ. ಕೈ ಎತ್ತಬೇಕೆಂದುಕೊಂಡೆ, ಏಳಲಿಲ್ಲ. ಅವನು ಹೆಂಡತಿಯ ಕೈಯಿಂದ ಬಾಟ್ಲಿ ತೆಗೆದುಕೊಂಡು, ಅಳತೆಯ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿ, ಚೀಲದೊಳಗೆ ಉಪಕರಣಗಳ ನಡುವೆ ಬಟ್ಟೆ ಸುತ್ತಿ ಇಟ್ಟ. ಇಬ್ಬರೂ ಹೊರಟರು, ಅತ್ತಿಗೆಯ ನಡಿಗೆಗೆ ತಕ್ಕ ಹಾಗೆ ಅಣ್ಣ ನಿಂತು ನಿಂತು. ತಿರುವಿನವರೆಗೂ ಕಾಣಿಸುತ್ತಿದ್ದರು.

ಕಿಟಕಿಯಲ್ಲಿ ಮುಂದಿನ ಚೀಟಿ ಬಂತು. ಕೆಮ್ಮಿಗೆ, ಮೂರು ದಿನದ ಔಷಧ. ಬಾಯಲ್ಲಿ ಕಬ್ಬಿಣದ ರುಚಿ ಇನ್ನೂ ಇತ್ತು. ನೀರು ಕುಡಿಯದೆ ಅಳೆಯತೊಡಗಿದೆ.